ಸೀಟು ಸಿಕ್ಕ ಮೇಲೂ ಆಟ

1999ರ ಜುಲೈ 10. ಕ್ಯಾಲಿಫೋರ್ನಿಯಾದ ಪಾಸಡೀನಾದಲ್ಲಿ ಮಹಿಳಾ ಫುಟ್‌ಬಾಲ್ ವಿಶ್ವಕಪ್ ಫೈನಲ್, ನೋಡಲು ಸೇರಿದ್ದವರು 90,185 ಜನ. ಅಮೆರಿಕ, ಚೀನಾ ಎರಡೂ ಗೋಲಿಲ್ಲದೆ ಹೆಚ್ಚುವರಿ ಸಮಯಕ್ಕೆ ಬಂದಿವೆ. ಇನ್ನು ಯಾರು ಮೊದಲು ಹೊಡೆದರೂ ಅಲ್ಲಿಗೆ ಆಟ ಮುಗಿಯಿತು, ಅದು ಆಗಿನ ನಿಯಮ. 100ನೇ ನಿಮಿಷದಲ್ಲಿ ಚೀನಾಕ್ಕೆ ಕಾರ್ನರ್, ಅಂದರೆ ಮೈದಾನದ ಮೂಲೆಯಿಂದ ಚೆಂಡು ಒದೆಯುವ ಅವಕಾಶ, ಸಿಕ್ಕಿತು. ಫಾನ್ ಯುನ್‌ಜೀ ತಲೆಯಿಂದ ಹೊಡೆದ ಚೆಂಡು ಗೋಲ್‌ಕೀಪರ್ ಬ್ರಯಾನಾ ಸ್ಕರಿಯನ್ನು ದಾಟಿ ಹೋಯಿತು. ಗೋಲುಗೆರೆಯ ಮೇಲೆ, ಕಂಬದ ಪಕ್ಕದಲ್ಲಿ, ಐದಡಿ ನಾಲ್ಕಿಂಚಿನ ಕ್ರಿಸ್ಟೀನ್ ಲಿಲಿ ನಿಂತಿದ್ದರು. ತಲೆಯಿಂದಲೇ ಅದನ್ನು ಆಚೆ ಹಾಕಿದರು. ಆಮೇಲೆ ಪೆನಾಲ್ಟಿಯಲ್ಲಿ ಅಮೆರಿಕ 5-4ರಿಂದ ಗೆದ್ದಿತು. ಲಿಲಿ ತಮ್ಮ ಪೆನಾಲ್ಟಿಯನ್ನೂ ಗೋಲಾಗಿಸಿದ್ದರು.

ಕಾರ್ನರ್ ವೇಳೆ ಕಂಬ ಕಾಯುವುದು ಹೆಸರು ತರುವ ಕೆಲಸವಲ್ಲ. ಕಂಬದಿಂದ ಕೈಯಳತೆ ದೂರದಲ್ಲಿ, ಮೈಯನ್ನು ಮೈದಾನದ ಕಡೆ ತೆರೆದು, ಮುಂಗಾಲಿನ ಮೇಲೆ ಭಾರ ಹಾಕಿ ನಿಲ್ಲಬೇಕು. ಚೆಂಡು ಗಾಳಿಯಲ್ಲಿರುವಾಗ ಅದನ್ನೇ ನೋಡುತ್ತಾ ಎರಡು ಹೆಜ್ಜೆ ಮುಂದೆ ಬಂದರೆ ಹಿಂದಿನ ಜಾಗ ಖಾಲಿ. ಹಿಮ್ಮಡಿ ಊರಿ ನಿಂತರೆ ನೆಗೆಯಲು ಅರೆಗಳಿಗೆ ತಡ. ನೂರು ನಿಮಿಷ ಎಡಬದಿಯ ಉದ್ದಕ್ಕೂ ಓಡಿ ದಣಿದ, ಮೈದಾನದ ಮಧ್ಯಭಾಗದಲ್ಲಿ ಆಡುವ ಮಿಡ್‌ಫೀಲ್ಡರ್ ಮಾಡುವ ತಪ್ಪುಗಳೇ ಇವೆರಡೂ. ಲಿಲಿ ಎರಡನ್ನೂ ಮಾಡಲಿಲ್ಲ. ಅಭ್ಯಾಸದ ಬಲ ಎಂದರೆ ಇದು. ಆ ಅಭ್ಯಾಸಕ್ಕೆ ಗಟ್ಟಿ ರೂಪ ಬಂದದ್ದು ಒಂದು ಕಾಲೇಜಿನಲ್ಲಿ, 18ರಿಂದ 22ರ ವಯಸ್ಸಿನಲ್ಲಿ. ನಮ್ಮ ಕರ್ನಾಟಕದ ಹುಡುಗಿಯರು ಬೂಟು ಅಟ್ಟಕ್ಕೆ ಎಸೆಯುವ ವಯಸ್ಸು ಅದೇ.

ಲಿಲಿ ಅಮೆರಿಕದ ಪರ ಮೊದಲ ಪಂದ್ಯ ಆಡಿದ್ದು 1987ರಲ್ಲಿ, ಹದಿನಾರರ ಹೈಸ್ಕೂಲು ಹುಡುಗಿಯಾಗಿ. 2011ರ ಜನವರಿಯಲ್ಲಿ ನಿವೃತ್ತಿ ಹೇಳುವ ಹೊತ್ತಿಗೆ 354 ಅಂತರರಾಷ್ಟ್ರೀಯ ಪಂದ್ಯ, 130 ಗೋಲು. ಗಂಡಸರಲ್ಲೂ ಹೆಂಗಸರಲ್ಲೂ ಅಷ್ಟು ಪಂದ್ಯ ಆಡಿದವರು ಬೇರೆ ಇಲ್ಲ. ಐದು ವಿಶ್ವಕಪ್ ಆಡಿ ಎರಡು ಗೆದ್ದರು. 1996 ಮತ್ತು 2004ರಲ್ಲಿ ಒಲಿಂಪಿಕ್ ಚಿನ್ನ, 2000ದಲ್ಲಿ ಬೆಳ್ಳಿ. ಇವುಗಳ ನಡುವೆ, 1989ರಿಂದ 1992ರವರೆಗೆ, ಚಾಪೆಲ್ ಹಿಲ್‌ನ ನಾರ್ತ್ ಕ್ಯಾರೊಲಿನಾ ವಿಶ್ವವಿದ್ಯಾಲಯದಲ್ಲಿ ನಾಲ್ಕು ವರ್ಷ ಓದಿ, ನಾಲ್ಕಕ್ಕೆ ನಾಲ್ಕೂ ರಾಷ್ಟ್ರೀಯ ಕಾಲೇಜು ಪ್ರಶಸ್ತಿ ಗೆದ್ದರು. 1991ರ ವಿಶ್ವಕಪ್ ಗೆದ್ದಾಗ ಇನ್ನೂ ವಿದ್ಯಾರ್ಥಿನಿ. ಅವರ ಜೊತೆ ಅದೇ ಕಾಲೇಜಿಗೆ ಸೇರಿದ್ದ ಮಿಯಾ ಹ್ಯಾಮ್ ಆ ವಿಶ್ವಕಪ್ ತಯಾರಿಗೆಂದು ಒಂದು ಸೀಸನ್ ಪೂರ್ತಿ ಕಾಲೇಜು ತಂಡದಿಂದ ಹೊರಗುಳಿದು, 1993ರಲ್ಲಿ ಬಾಕಿ ಸೀಸನ್ ಆಡಿ ಮುಗಿಸಿದರು. ಐದು ವರ್ಷದೊಳಗೆ ನಾಲ್ಕು ಸೀಸನ್ ಆಡಬಹುದು ಎಂಬ ಸಡಿಲಿಕೆ ನಿಯಮದಲ್ಲೇ ಇದ್ದದ್ದರಿಂದ ಇದು ಸಾಧ್ಯವಾಯಿತು. ದೇಶಕ್ಕೆ ಆಡಿದವಳು ಪರೀಕ್ಷೆ ಬರೆಯಲು ಯಾರ ಕೈಕಾಲೂ ಹಿಡಿಯಬೇಕಾಗಲಿಲ್ಲ.

ಅಲ್ಲಿನ ಕೋಚ್ ಆನ್ಸನ್ ಡೊರಾನ್ಸ್ ಅಭ್ಯಾಸದಲ್ಲಿ ನಡೆದದ್ದನ್ನೆಲ್ಲ ಬರೆದಿಡಿಸುತ್ತಿದ್ದರು. ಒಬ್ಬರಿಗೊಬ್ಬರ ಸೆಣಸು, ಹೆಡ್ಡಿಂಗ್, ಗುರಿ, ಓಟ, ಪ್ರತಿಯೊಂದರಲ್ಲೂ ಯಾರು ಗೆದ್ದರು, ಯಾರು ಸೋತರು ಎಂದು ಲೆಕ್ಕ ಇಟ್ಟು, ಶ್ರೇಯಾಂಕವನ್ನು ಎಲ್ಲರ ಕಣ್ಣಿಗೆ ಬೀಳುವಂತೆ ಹಾಕುವುದು ಕ್ರಮ. ಆ ಕಾಲೇಜಿನ ಹೆಸರಿಗೇ ಅಂಟಿಕೊಂಡ ಓಟದ ಪರೀಕ್ಷೆಯೊಂದಿದೆ: ಮೈದಾನದ ಉದ್ದ, 120 ಗಜ, ಸುಮಾರು 18 ಸೆಕೆಂಡಿನಲ್ಲಿ ಓಡು, 30 ಸೆಕೆಂಡಿನೊಳಗೆ ಹಿಂತಿರುಗು, 30 ಸೆಕೆಂಡು ನಿಲ್ಲು, ಮತ್ತೆ ಓಡು. ಹೀಗೆ ಹತ್ತು ಸಲ. ಮೊದಲ ಮೂರು ಸುತ್ತು 15 ಸೆಕೆಂಡಿಗೆ ಓಡಿ ಬೀಗಿದವರು ಏಳನೆಯದರಲ್ಲಿ ಮುಗ್ಗರಿಸುತ್ತಾರೆ. ಮಿಡ್‌ಫೀಲ್ಡರ್‌ಗೆ ಬೇಕಾದದ್ದು ಹತ್ತೂ ಸುತ್ತು ಒಂದೇ ಸಮ ಬರುವುದು. ಮುಂದಾಳು ಹತ್ತು ನಿಮಿಷ ಸುಮ್ಮನಿದ್ದು ಒಂದು ಓಟ ಓಡಿದರೂ ನಡೆದೀತು, ಮಧ್ಯದಲ್ಲಿ ಆಡುವವಳಿಗೆ ಆ ಸವಲತ್ತಿಲ್ಲ.

ಇದು ಒಬ್ಬ ಕೋಚ್‌ನ ಹಟದಿಂದ ಮಾತ್ರ ಆದದ್ದಲ್ಲ. ಸರ್ಕಾರದ ಹಣ ಪಡೆಯುವ ಶಿಕ್ಷಣ ಸಂಸ್ಥೆ ಹೆಣ್ಣುಮಕ್ಕಳಿಗೆ ಭೇದ ಮಾಡಬಾರದು ಎನ್ನುವ ಟೈಟಲ್ ನೈನ್ ಕಾನೂನು 1972ರಲ್ಲಿ ಬಂತು. ಚಾಪೆಲ್ ಹಿಲ್‌ನಲ್ಲಿ ಮಹಿಳಾ ತಂಡ ಶುರುವಾದದ್ದು 1979ರಲ್ಲಿ. ಕಾಲೇಜು ಕ್ರೀಡಾ ಮಂಡಳಿಯಾದ ಎನ್‌ಸಿಎಎ ನಿಯಮ ಇವತ್ತಿಗೂ ಹೀಗಿದೆ: ಸೀಸನ್‌ನಲ್ಲಿ ವಾರಕ್ಕೆ 20 ಗಂಟೆಗಿಂತ ಹೆಚ್ಚು ಕಡ್ಡಾಯ ಅಭ್ಯಾಸ ಇರಬಾರದು, ದಿನಕ್ಕೆ 4 ಗಂಟೆ ಮಿತಿ, ವಾರದಲ್ಲಿ ಒಂದು ದಿನ ರಜೆ. ಹುಡುಗಿ ಪೂರ್ಣಾವಧಿ ವಿದ್ಯಾರ್ಥಿನಿಯಾಗಿರಬೇಕು. ಅಂಕ ಬಿದ್ದರೆ ಆಟ ನಿಲ್ಲುತ್ತದೆ. ಪ್ರಯಾಣದ ದಿನಗಳ ಪಟ್ಟಿ ಸೆಮಿಸ್ಟರ್ ಆರಂಭದಲ್ಲೇ ಪ್ರಾಧ್ಯಾಪಕರ ಕೈ ಸೇರಿರುತ್ತದೆ.

ನಮ್ಮ ಕಡೆ ಆಟದ ಸರ್ಟಿಫಿಕೇಟ್ ಸೀಟು ಕೊಡಿಸುತ್ತದೆ. ಸಿಇಟಿಯಲ್ಲಿ ಕ್ರೀಡಾ ಕೋಟಾ ಇದೆ, ಒಳ್ಳೆಯದೇ. ಆದರೆ ಸೀಟು ಸಿಕ್ಕ ಮರುದಿನದಿಂದ ಆಟ ಏನಾಯಿತೆಂದು ಕೇಳುವವರಿಲ್ಲ. ಅಮೆರಿಕದಲ್ಲಿ ಸೀಟಿನ ಜೊತೆಗೇ ಆಟದ ಲೆಕ್ಕ ಶುರು, ನಮ್ಮಲ್ಲಿ ಅಲ್ಲಿಗೆ ಮುಕ್ತಾಯ. 75 ಶೇಕಡಾ ಹಾಜರಾತಿಗಾಗಿ ಟೂರ್ನಿಯಿಂದ ಟೂರ್ನಿಗೆ ಪತ್ರ ಹಿಡಿದು ಅಲೆಯಬೇಕು, ಇಂಟರ್ನಲ್ಸ್ ತಪ್ಪಿದರೆ ಮತ್ತೆ ಬೇಡಿಕೊಳ್ಳಬೇಕು. ಅಂತರ ವಿಶ್ವವಿದ್ಯಾಲಯ ಟೂರ್ನಿಯ ವಲಯ ಹಂತ ಬಹುಮಟ್ಟಿಗೆ ನಾಕೌಟ್. ಮೊದಲ ದಿನ ಸೋತ ತಂಡ ಒಂದೇ ಪಂದ್ಯ ಆಡಿ ರೈಲು ಹತ್ತುತ್ತದೆ. ಅಮೆರಿಕದ ಕಾಲೇಜು ಹುಡುಗಿ ಆಗಸ್ಟ್‌ನಿಂದ ನವೆಂಬರ್‌ವರೆಗೆ ಹದಿನೆಂಟು ಇಪ್ಪತ್ತು ಪಂದ್ಯ ಆಡುತ್ತಾಳೆ. ಸ್ಟ್ರೈಕರ್ ಒಬ್ಬಳ ವೇಗ ಹುಟ್ಟಿನಿಂದ ಬಂದೀತು. ಚೆಂಡು ಬರುವ ಮೊದಲೇ ಎರಡೂ ಭುಜದ ಮೇಲಿಂದ ಹಿಂದೆ ನೋಡಿ, ಯಾರು ಖಾಲಿ ಎಂದು ತಿಳಿದಿರುವುದು ಪಂದ್ಯ ಆಡಿ ಆಡಿಯೇ ಬರಬೇಕು.

ಹಾಗೆಂದು ಅಮೆರಿಕದ್ದೆಲ್ಲ ಸರಿ ಎನ್ನಲಾರೆ. ಕಾಲೇಜು ಸೀಸನ್ ಗಿಡ್ಡ, ಗುರುವಾರ ಒಂದು ಭಾನುವಾರ ಒಂದು ಎಂದು ಪಂದ್ಯ ತುರುಕುತ್ತಾರೆ. ಮೊಣಕಾಲು ಚೇತರಿಸಿಕೊಳ್ಳಲು ಸಮಯ ಸಾಲದು. ಹೊರಗೆ ಹೋದ ಆಟಗಾರ್ತಿ ದ್ವಿತೀಯಾರ್ಧದಲ್ಲಿ ಒಮ್ಮೆ ಮರಳಿ ಬರಬಹುದು. ಅಂತರರಾಷ್ಟ್ರೀಯ ಪಂದ್ಯದಲ್ಲಿ ಅದಕ್ಕೆ ಅವಕಾಶವೇ ಇಲ್ಲ. ಪರಿಣಾಮವಾಗಿ ತಾಜಾ ಕಾಲುಗಳ ಓಡಾಟ ಹೆಚ್ಚಿ, 90 ನಿಮಿಷ ಆಟದ ಗತಿ ಹಿಡಿದು ನಡೆಸುವ ಕಲೆ ಮಿಡ್‌ಫೀಲ್ಡರ್‌ಗೆ ಕಡಿಮೆಯಾಗುತ್ತದೆ. ಲಿಂಡ್ಸೆ ಹೊರಾನ್ 2012ರಲ್ಲಿ ಚಾಪೆಲ್ ಹಿಲ್‌ನ ಸೀಟನ್ನೇ ಬಿಟ್ಟು, ಹದಿನೆಂಟಕ್ಕೆ ಪ್ಯಾರಿಸ್‌ನ ಪಿಎಸ್‌ಜಿ ಸೇರಿದರು. 2024ರ ಒಲಿಂಪಿಕ್ ಚಿನ್ನ ಗೆದ್ದ ಅಮೆರಿಕ ತಂಡದ ನಾಯಕಿ, ಮಿಡ್‌ಫೀಲ್ಡರ್, ಅವರೇ. ಆದರೆ ಹೊರಾನ್ ಹೋದದ್ದು ಸಂಬಳ ಕೊಡುವ ಕ್ಲಬ್ಬಿಗೆ. ಅಂಥ ಕ್ಲಬ್ಬು ಇಲ್ಲದ ಕಡೆ ಕಾಲೇಜೇ ಆ ಜಾಗ ತುಂಬಬೇಕು.

ನಾರ್ತ್ ಕ್ಯಾರೊಲಿನಾದ ಕ್ಯಾರಿ, ಮಾರಿಸ್‌ವಿಲ್‌ನಂಥ ಊರುಗಳಲ್ಲಿ ಮಗಳನ್ನು ಆಡಿಸುತ್ತಿರುವ ಕನ್ನಡದ ಅಪ್ಪ ಅಮ್ಮಂದಿರಿಗೆ ಎರಡು ಮಾತು. ಪೂರ್ಣ ವಿದ್ಯಾರ್ಥಿವೇತನದ ಆಸೆಯಲ್ಲಿ ಲೆಕ್ಕ ಹಾಕಬೇಡಿ. ಕಾಲೇಜು ಆಟದ ಮೇಲ್ದರ್ಜೆಯಾದ ಡಿವಿಷನ್ ಒನ್ ತಂಡವೊಂದಕ್ಕೆ ಬಹುಕಾಲ ಇದ್ದ ಮಿತಿ 14 ವಿದ್ಯಾರ್ಥಿವೇತನ, ಅದನ್ನೇ ಇಪ್ಪತ್ತೆಂಟು ಜನಕ್ಕೆ ಹಂಚುತ್ತಿದ್ದರು. 2025ರಿಂದ ಹೊಸ ವ್ಯವಸ್ಥೆ ಒಪ್ಪಿದ ಕಾಲೇಜುಗಳಲ್ಲಿ ವೇತನದ ಮಿತಿ ಹೋಗಿ ತಂಡಕ್ಕೆ 28 ಜನ ಎಂಬ ಮಿತಿ ಬಂದಿದೆ, ಆದರೂ ದುಡ್ಡು ಹಂಚಿಯೇ ಹೋಗುತ್ತದೆ. ಮೂರನೇ ದರ್ಜೆಯಾದ ಡಿವಿಷನ್ ತ್ರೀ ಮತ್ತು ಹಾರ್ವರ್ಡ್‌ನಂಥ ಎಂಟು ವಿಶ್ವವಿದ್ಯಾಲಯಗಳ ಐವಿ ಲೀಗ್‌ನಲ್ಲಿ ಆಟಕ್ಕೆಂದು ವೇತನವೇ ಇಲ್ಲ. ಹತ್ತನೇ ತರಗತಿ ಮುಗಿದ ಜೂನ್ 15ಕ್ಕೆ ಮೊದಲು ಡಿವಿಷನ್ ಒನ್ ಕೋಚ್ ಸೇರಿಸಿಕೊಳ್ಳುವ ಮಾತಿಗೆ ಉತ್ತರಿಸುವಂತಿಲ್ಲ. ಮೇಲ್‌ಗೆ ಉತ್ತರ ಬರಲಿಲ್ಲವೆಂದು ಮಗಳು ಕುಗ್ಗುವುದು ಬೇಡ. ಮಿಡ್‌ಫೀಲ್ಡರ್‌ನ ವಿಡಿಯೊದಲ್ಲಿ ಗೋಲುಗಳನ್ನಷ್ಟೇ ಪೋಣಿಸುವುದು ದೊಡ್ಡ ತಪ್ಪು. ಪ್ರತಿ ತುಣುಕನ್ನೂ ಚೆಂಡು ಬರುವ ನಾಲ್ಕೈದು ಸೆಕೆಂಡು ಮೊದಲೇ ಶುರು ಮಾಡಿ. ತಲೆ ತಿರುಗಿಸಿದ್ದು, ಜಾಗ ಬದಲಿಸಿದ್ದು, ಚೆಂಡು ಕಳೆದುಕೊಂಡ ಮೇಲೆ ಹಿಂದಕ್ಕೆ ಓಡಿದ್ದು ಅಲ್ಲಿ ಕಾಣಬೇಕು.

2025ರ ಜುಲೈ 5ರಂದು ಚಿಯಾಂಗ್ ಮಾಯ್‌ನಲ್ಲಿ ಭಾರತ ಥಾಯ್ಲೆಂಡನ್ನು 2-1ರಿಂದ ಸೋಲಿಸಿ 2026ರ ಏಷ್ಯಾ ಕಪ್‌ಗೆ ಅರ್ಹತೆ ಗಳಿಸಿತು. ಎರಡೂ ಗೋಲು ಮಿಡ್‌ಫೀಲ್ಡರ್ ಸಂಗೀತಾ ಬಸ್ಫೋರ್ ಅವರದು. ಅವರು ಪಶ್ಚಿಮ ಬಂಗಾಳದ ಕಲ್ಯಾಣಿಯವರು, ಅನ್ನಕ್ಕೆ ದಾರಿ ಮಾಡಿಕೊಟ್ಟದ್ದು ಸಶಸ್ತ್ರ ಸೀಮಾ ಬಲದ ಕೆಲಸ. ಬೆಂಗಳೂರಿನಲ್ಲಿ ಕಿಕ್‌ಸ್ಟಾರ್ಟ್‌ನಂಥ ಕ್ಲಬ್ಬಿದೆ, ಅದು 2023ರಲ್ಲಿ ಇಂಡಿಯನ್ ವಿಮೆನ್ಸ್ ಲೀಗ್ ಫೈನಲ್ ತಲುಪಿದ ತಂಡ. ಊರ ತುಂಬ ಕಾಲೇಜುಗಳಿವೆ. ನಗರದ ಎಂಟು ಕಾಲೇಜು ಸೇರಿ ಮನೆಯಂಗಳದಲ್ಲೊಂದು, ಎದುರಾಳಿಯ ಅಂಗಳದಲ್ಲೊಂದು ಎಂದು ಲೀಗ್ ಆಡಿದರೆ ಒಬ್ಬೊಬ್ಬಳಿಗೆ ವರ್ಷಕ್ಕೆ 14 ಪಂದ್ಯ. ವಾರಾಂತ್ಯಗಳಲ್ಲೇ ಮುಗಿಯುತ್ತದೆ, ಹಾಜರಾತಿ ಪತ್ರದ ಅಗತ್ಯವೂ ಬೀಳುವುದಿಲ್ಲ.