ಶೋಕೇಸ್ ಒರೆಸುವವಳ ವಿಷಾದಯೋಗ

ಆಯುಧಪೂಜೆಗೆ ಅಂತ ಶೋಕೇಸ್ ಒರೆಸಲು ಕೂತು ನಿನ್ನೆ ಎರಡೂವರೆ ಗಂಟೆ ಹೋಯಿತು. ಎಲ್ಲ ಜೋಡಿಸಿ ಸೊಂಟ ನೆಟ್ಟಗೆ ಮಾಡುವಷ್ಟರಲ್ಲಿ ಅತ್ತೆ ಬಂದು, "ಆ ಗಂಧದ ಆನೆ ಬಾಗಿಲ ಕಡೆ ನೋಡ್ತಿತ್ತಲ್ಲಮ್ಮ, ಯಾಕೆ ತಿರುಗಿಸಿದೆ?" ಅಂದರು. ಬಾಗಿಲಲ್ಲಿ ಅದಕ್ಕೇನು ಕಾದಿದೆ? ಜಂಬೂಸವಾರಿಯೇ? ಅಂದಹಾಗೆ, ಅದು ಗಂಧದ್ದೂ ಅಲ್ಲ. ಮೂಗಿಗೆ ಹಿಡಿದರೆ ಬರುವುದು ಪಾಲಿಶ್ ವಾಸನೆ.

ಚನ್ನಪಟ್ಟಣದ ಬೊಂಬೆಗಳ ಮೇಲೆ ನನಗೆ ಸಿಟ್ಟಿಲ್ಲ. ಆಲೆಮರ, ಅರಗಿನ ಬಣ್ಣ, ಒಂದು ಸಲ ಬಟ್ಟೆ ಆಡಿಸಿದರೆ ಫಳಫಳ. ಆದರೆ ಕನ್ಯಾಕುಮಾರಿಯ ಕಪ್ಪೆಚಿಪ್ಪಿನ ಕನ್ನಡಿ? ಮುಟ್ಟಿದರೆ ಚಿಪ್ಪು ಕೈಗೆ, ಬಿಟ್ಟರೆ ಧೂಳು ಕಣ್ಣಿಗೆ. ಅದರಲ್ಲಿ ಮುಖ ನೋಡಿಕೊಂಡವರು ಈ ಮನೆಯಲ್ಲಿ ಯಾರೂ ಇಲ್ಲ. ಆಗ್ರಾದಿಂದ ಬಂದ ತಾಜ್‌ಮಹಲಿನ ಬಲ್ಬು ಸುಟ್ಟು ಎಷ್ಟು ವರ್ಷವಾಯಿತೋ. ಷಹಜಹಾನ್ ಕಟ್ಟಿಸಿದ್ದಕ್ಕೆ ನಾಲ್ಕು ಮಿನಾರು, ನಮ್ಮದಕ್ಕೆ ಮೂರು. ಎಸೆಯೋಣ ಅಂದರೆ, "ನಿಮ್ಮ ಮಾವ ಪ್ರೀತಿಯಿಂದ ತಂದದ್ದು!"

ಗೃಹಪ್ರವೇಶಕ್ಕೆ ಬಂದ ಗೀತೋಪದೇಶ ಒಂದಲ್ಲ, ಮೂರು. ರಥಕ್ಕೆ ನಾಲ್ಕು ಕುದುರೆ, ಕುದುರೆಗೆ ನಾಲ್ಕು ಕಾಲು. ಒಟ್ಟು 48 ಕಾಲುಗಳ ಸಂದಿಯಲ್ಲಿ ಹಳೇ ಟೂತ್‌ಬ್ರಶ್ ತೂರಿಸುವವಳ ವಿಷಾದಕ್ಕೆ ಯಾವ ಕೃಷ್ಣ ಉಪದೇಶ ಕೊಡುತ್ತಾನೆ? ಬಂದವರೋ, "ಮನೆ ಎಷ್ಟು ಕಳೆಯಾಗಿದೆ!" ಅಂತಾರೆ. ಕಳೆ ಅಂತೆ ಕಳೆ! ಕೀಳೋಕೂ ಬಿಡಲ್ಲ.

ಇವತ್ತು ಬೆಳಿಗ್ಗೆ ಅತ್ತೆಯ ತಮ್ಮ ಕಾಶಿಯಿಂದ ಬಂದರು. ಕೈಯಲ್ಲಿ ಪೇಪರ್ ಸುತ್ತಿದ ದೊಡ್ಡ ಪೊಟ್ಟಣ. "ಹುಷಾರು, ಒಡೆಯೋ ಸಾಮಾನು" ಅಂದರು.