ಅಂಕಲ್, ನಿಮ್ಮ ಟೈಮಿಂಗ್ ಎಷ್ಟು?

ಮಂಡಿಗೆ ಎಣ್ಣೆ ಹಚ್ಚಿಕೊಂಡು ಕೂತು ಬರೆಯುತ್ತಿದ್ದೇನೆ. ನೋವಿಗಿಂತ ಸಿಟ್ಟು ಜಾಸ್ತಿ ಇದೆ. ಹಾಗಾಗಿ ಉದ್ದ ಆಗುತ್ತದೆ, ಪುರಸೊತ್ತು ಇದ್ದವರು ಓದಿ.

ನಿನ್ನೆ ಕುದುರೆಮುಖ ಹತ್ತಿ ಬಂದೆ. ದಾವಣಗೆರೆಯಿಂದ ರಾತ್ರಿ ಹೊರಟ ಟಿಟಿಯಲ್ಲಿ (ಟೆಂಪೋ ಟ್ರಾವೆಲರ್) ಐವತ್ತು ದಾಟಿದವನು ನಾನೊಬ್ಬನೇ. ಉಳಿದವರೆಲ್ಲ ಜಿಮ್ ಹುಡುಗರು. ಒಳ್ಳೆಯವರೇ, ನನ್ನ ಚೀಲವನ್ನೂ ಹೊರುತ್ತೇವೆ ಅಂದರು. ಆದರೆ ಮುಳ್ಳೋಡಿಯಲ್ಲಿ ಜೀಪ್ ಇಳಿದದ್ದೇ ತಡ, ಎಲ್ಲರೂ ಒಟ್ಟಿಗೆ ಕೈಯಲ್ಲಿದ್ದ ವಾಚ್ ಒತ್ತಿದರು. ಶುರುವಾಯಿತು.

ಆಮೇಲೆ ಇಡೀ ದಿನ ಒಂದೇ ಮಾತು, ಟೈಮಿಂಗ್. ದಾರಿಯಲ್ಲಿ ಸಿಗುವ ಒಂಟಿಮರಕ್ಕೆ ಎಷ್ಟು ನಿಮಿಷ? ಹಳ್ಳ ದಾಟಿದ್ದು ಎಷ್ಟಕ್ಕೆ? ಹಿಂದಿನ ಬ್ಯಾಚ್‌ನವರು ಎಷ್ಟರಲ್ಲಿ ಹತ್ತಿದ್ದರು? ತುದಿ ಮುಟ್ಟಿ ನಾನು ಸೊಂಟಕ್ಕೆ ಕೈಕೊಟ್ಟು ಉಸಿರು ಬಿಡುತ್ತಿದ್ದರೆ ಒಬ್ಬ ಬಂದು, "ಅಂಕಲ್, ನಿಮ್ಮ ಟೈಮಿಂಗ್ ಎಷ್ಟು?" ಅಂದ. "52 ವರ್ಷ" ಅಂದೆ. ಅವನಿಗೆ ಅರ್ಥ ಆಗಲಿಲ್ಲ.

ಸುಮಾರು 1,890 ಮೀಟರ್ ಎತ್ತರದ ಬೆಟ್ಟ. ಹೋಗಿ ಬರುವುದು ಹತ್ತಿರ ಹತ್ತಿರ 20 ಕಿಲೋಮೀಟರ್. ಬೆಟ್ಟದ ಮೈಮೇಲೆಲ್ಲ ಹುಲ್ಲು, ಗುಡ್ಡ ಗುಡ್ಡ ಕೂಡುವ ಸಂದಿನಲ್ಲಿ ಮಾತ್ರ ದಟ್ಟ ಕಾಡು. ಶೋಲಾ ಅನ್ನುತ್ತಾರೆ. ಬಿಸಿಲಲ್ಲಿ ಹುಲ್ಲಿನ ದಿಬ್ಬ ಹತ್ತಿ, ಬೆವರು ಸುರಿಸಿಕೊಂಡು ಅದರೊಳಗೆ ಕಾಲಿಟ್ಟರೆ ಒಂದೇ ಸಲಕ್ಕೆ ತಣ್ಣಗೆ. ಮರಕ್ಕೆಲ್ಲ ಪಾಚಿ. ನೆಲ ಹಾಸಿಗೆಯಷ್ಟು ಮೆತ್ತಗೆ. ಮಳೆಗಾಲದ ನೀರನ್ನು ಆ ಹುಲ್ಲು, ಆ ಮಣ್ಣು ಹಿಡಿದಿಟ್ಟುಕೊಂಡು ನಿಧಾನಕ್ಕೆ ಬಿಡುತ್ತವೆ. ಮಳೆ ನಿಂತ ಮೇಲೂ ಹಳ್ಳ ಹರಿಯುವುದು ಅದಕ್ಕೇ. ನಮ್ಮ ಗೈಡ್ ಅಲ್ಲಿಯವನೇ, ಇದನ್ನೆಲ್ಲ ತೋರಿಸೋಣ ಅಂತ ನಿಂತ. "ಅಣ್ಣಾ, ಟೈಮ್ ಹೋಗ್ತಿದೆ" ಅಂದರು ಹುಡುಗರು. ಪಾಪ, ಬಾಯಿ ಮುಚ್ಚಿಕೊಂಡು ನಡೆದ.

ದಾವಣಗೆರೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾ? ಈ ಬೆಟ್ಟಸಾಲಿನಲ್ಲೇ ಗಂಗಾಮೂಲ ಇರುವುದು. ತುಂಗಾ, ಭದ್ರಾ, ನೇತ್ರಾವತಿ ಮೂರೂ ಹುಟ್ಟುವ ಜಾಗ. ಭದ್ರೆ ಕಳಸ, ಬಾಳೆಹೊನ್ನೂರು ದಾಟಿ ಲಕ್ಕವಳ್ಳಿ ಡ್ಯಾಮಿಗೆ ಬರುತ್ತಾಳೆ. ಅಲ್ಲಿಂದ ನಾಲೆ ಹಿಡಿದು ನಮ್ಮ ಗದ್ದೆಗೆ. ಕುದುರೆಮುಖದಲ್ಲಿ ಕಬ್ಬಿಣದ ಗಣಿ ನಡೆಯುತ್ತಿದ್ದಾಗ ಮಳೆ ಬಂದರೆ ಇದೇ ಭದ್ರೆಗೆ ಮಣ್ಣು ಇಳಿಯುತ್ತಿತ್ತು. ಜನ ಹೋರಾಡಿ, ವಿಷಯ ಸುಪ್ರೀಂ ಕೋರ್ಟ್‌ವರೆಗೆ ಹೋಗಿ, 2005ರ ಕೊನೆಗೆ ಗಣಿ ನಿಂತಿತು. ಟಿಟಿಯಲ್ಲಿ ಈ ಕಥೆ ಹೇಳೋಣ ಅಂತ ತಿರುಗಿದೆ. ಎಲ್ಲರ ಕಿವಿಯಲ್ಲೂ ಇಯರ್‌ಫೋನ್.

ನಮ್ಮ ಜಮೀನು ಇರುವುದು ನಾಲೆಯ ಕೊನೆಯಲ್ಲಿ. ಬೇಸಿಗೆ ಬೆಳೆಗೆ ಅಪ್ಪ ರಾತ್ರಿಯೆಲ್ಲ ತೂಬಿನ ಹತ್ತಿರ ಕಾಯುತ್ತಿದ್ದರು. ಮೇಲಿನ ಗದ್ದೆಯವರ ಜತೆ ಜಗಳ ಬೇರೆ. ನೀರಿಗಾಗಿ ಅಷ್ಟು ಹೊಡೆದಾಡಿದ ಮನುಷ್ಯ, ಅದು ಎಲ್ಲಿಂದ ಬರುತ್ತದೆ ಅಂತ ಒಂದು ಸಲವೂ ನೋಡದೆ ಹೋದರು. ಹಳ್ಳದಲ್ಲಿ ಬೊಗಸೆ ಒಡ್ಡಿ ನೀರು ಕುಡಿಯುವಾಗ ನನಗೆ ಅಳು ಬಂತು. ಹೌದು, ನಮ್ಮತ್ತೆಯೂ ಇದನ್ನು ಓದುತ್ತಾರೆ, ಅತ್ತೆ, ನಗಬೇಡಿ. ಆಗಲೇ ಹಿಂದಿನಿಂದ ದನಿ: "ಅಂಕಲ್, ಇಲ್ಲಿ ನಿಂತ್ರೆ ಆವರೇಜ್ ಬಿದ್ದೋಗುತ್ತೆ!"

ಎಲ್ಲಿ ಬೀಳುತ್ತದಪ್ಪ ನಿನ್ನ ಆವರೇಜ್? ಬಿದ್ದರೆ ಎತ್ತಿ ಕೊಡುತ್ತಿದ್ದೆ.

ಈಗ ಯಾರಾದರೂ ಕಾಮೆಂಟಿನಲ್ಲಿ ಬಂದೇ ಬರುತ್ತಾರೆ. "ಸಂಜೆಯೊಳಗೆ ಇಳಿಯಬೇಕು ಅಂತ ಅರಣ್ಯ ಇಲಾಖೆ ನಿಯಮ ಇದೆಯಲ್ಲ ಸಾರ್, ಬೇಗ ನಡೆಯದೆ ಏನು ಮಾಡೋದು?" ನಿಯಮ ಸರಿಯಾಗೇ ಇದೆ. ಬೆಳಿಗ್ಗೆ ಬೇಗ ಹೊರಟರೆ ನನ್ನಂಥ ಮಂಡಿ ನೋವಿನವನೂ ಬೆಳಕಿರುವಾಗಲೇ ಇಳಿಯುತ್ತಾನೆ. ಇಳಿದೆ ಕೂಡ. ನನಗಿಂತ ಎಷ್ಟೋ ಮೊದಲೇ ಇಳಿದಿದ್ದ ಹುಡುಗರು ಏನು ಮಾಡುತ್ತಿದ್ದರು ಗೊತ್ತಾ? ಜೀಪಿನ ನೆರಳಲ್ಲಿ ಕೂತು ರೀಲ್ಸ್ ನೋಡುತ್ತಿದ್ದರು. ಉಳಿಸಿದ ಟೈಮೆಲ್ಲ ಅಲ್ಲಿ ಖರ್ಚು.

ಫಿಟ್‌ನೆಸ್ ಬೇಕಲ್ವಾ ಅಂತೀರಿ. ಬೇಕು, ಯಾರು ಬೇಡ ಅಂದರು? ಕುಂದವಾಡ ಕೆರೆ ಇಲ್ಲೇ ಇದೆ. ದಾರಿ ಸಮತಟ್ಟು, ಟಿಕೆಟ್ ರಗಳೆ ಇಲ್ಲ, ಉಂಬಳ ಇಲ್ಲ. ಎಷ್ಟು ಸುತ್ತು ಬೇಕಾದರೂ ಓಡಿ, ನಾನೇ ನಿಂತು ಚಪ್ಪಾಳೆ ಹೊಡೆಯುತ್ತೇನೆ. ಕುದುರೆಮುಖಕ್ಕೆ ದಿನಕ್ಕೆ ಇಷ್ಟೇ ಜನ ಅಂತ ಮಿತಿ ಇದೆ. ಆನ್‌ಲೈನಲ್ಲಿ ಟಿಕೆಟ್ ಸಿಗದೆ ಎಷ್ಟೋ ಜನ ಒದ್ದಾಡುತ್ತಾರೆ. ನೋಡುವವನ ಜಾಗವನ್ನು ಓಡುವವನು ಯಾಕೆ ತಿನ್ನಬೇಕು?

ಹೊಟ್ಟೆಕಿಚ್ಚು ಅಂತೀರಾ? ಸ್ವಲ್ಪ ಇದೆ. ಆ ಮೊಣಕಾಲು ನನಗಿದ್ದಿದ್ದರೆ ಹತ್ತಿಪ್ಪತ್ತು ಸಲ ಕೂತು ಕೂತು ಹತ್ತುತ್ತಿದ್ದೆ.

ತುದಿಯಲ್ಲಿ ನಾನು ಮಂಡಕ್ಕಿ ಪೊಟ್ಟಣ ಬಿಚ್ಚಿದೆ. ಮನೆಯಲ್ಲಿ ಈರುಳ್ಳಿ ಬೇರೆಯಾಗಿ ಹೆಚ್ಚಿ ಕಟ್ಟಿ ಕೊಟ್ಟಿದ್ದರು. ತಿಂದದ್ದು ನಾನು ಮತ್ತು ಗೈಡ್. ಮೋಡ ಕೆಳಗಿನಿಂದ ಹತ್ತಿ ಬಂದು ಕಣಿವೆ ಮುಚ್ಚಿತು, ತೆರೆಯಿತು, ಮತ್ತೆ ಮುಚ್ಚಿತು. ಹುಡುಗರು ನಿಂತುಕೊಂಡೇ ಪ್ರೋಟೀನ್ ಬಾರ್ ಮುಗಿಸಿ, ಕವರನ್ನು ಜೇಬಿಗೆ ಹಾಕಿಕೊಂಡು (ಅದೊಂದು ಮೆಚ್ಚಬೇಕು) ವಾಚ್ ಒತ್ತಿ ಹೊರಟೇಬಿಟ್ಟರು.

ಇವತ್ತು ಬೆಳಿಗ್ಗೆ ವಾಟ್ಸಾಪ್ ಗ್ರೂಪಿನಲ್ಲಿ ಪೋಸ್ಟರ್ ಬಂದಿದೆ. ಮುಂದಿನ ತಿಂಗಳು ಮತ್ತೆ ಹೋಗುತ್ತಾರಂತೆ, ಎಲ್ಲರಿಗಿಂತ ಬೇಗ ಹತ್ತಿದವರಿಗೆ ಟೀ ಶರ್ಟ್ ಅಂತೆ. ಪೋಸ್ಟರಿನ ನಡುವೆ ನನ್ನ ಫೋಟೋ. ಕೆಳಗೆ "ವಯಸ್ಸು ಬರೀ ನಂಬರ್ ಅಷ್ಟೇ". ಹುಡುಗರಾ, ಇದನ್ನು ಓದುತ್ತಿದ್ದೀರಿ ಅಂತ ಗೊತ್ತು. ರಾತ್ರಿಯೊಳಗೆ ಅದನ್ನು ತೆಗೀರಪ್ಪ.