ಕುಂಕುಮವೋ, ಇಟ್ಟಂಗಿಯೋ

‘ಕಾಕಾ, ಲಿಂಕ್ ಕಳಿಸಿದ್ದೇನೆ, ಒತ್ತಿರಿ’ ಎಂದು ಟೊರಾಂಟೊದಿಂದ ಅಣ್ಣನ ಮಗಳ ಸಂದೇಶ ಬಂತೆಂದರೆ ನನಗೆ ಮೈ ಉರಿಯುತ್ತದೆ. ಅವಳದು ಐಫೋನ್, ಕರೆಯುವುದು ಅದರ ವಿಡಿಯೊ ಕರೆ ಫೇಸ್‌ಟೈಮ್‌ನಲ್ಲಿ. ಬಾಗಲಕೋಟೆ ನವನಗರದ ನಮ್ಮ ಮನೆಯಲ್ಲಿರುವವೆಲ್ಲ ಆಂಡ್ರಾಯ್ಡ್. ಲಿಂಕ್ ಒತ್ತಿದರೆ ಬ್ರೌಸರ್ ತೆರೆದು, ತೊಟ್ಟಿಲು ತೂಗಿದ ಕಾಕಾನ ಹೆಸರನ್ನೇ ಕೇಳುತ್ತದೆ. ಬರೆದ ಮೇಲೂ ಅವಳು ಒಳಗೆ ಬಿಟ್ಟುಕೊಳ್ಳುವವರೆಗೆ ಹೊಸ್ತಿಲಾಚೆ ಕಾಯಬೇಕು.

2010ರಲ್ಲಿ ಫೇಸ್‌ಟೈಮ್ ತೋರಿಸುವಾಗ ಐಫೋನ್ ಕಂಪನಿ ಆಪಲ್‌ನ ಸ್ಟೀವ್ ಜಾಬ್ಸ್ ಇದನ್ನು ಎಲ್ಲರಿಗೂ ಮುಕ್ತವಾದ ಮಾನದಂಡ ಮಾಡುತ್ತೇವೆ ಎಂದಿದ್ದರು. ಬೇರೆ ಫೋನಿನವರಿಗೆ ಈ ಲಿಂಕಿನ ದಾರಿ ಸಿಕ್ಕಿದ್ದು 2021ರಲ್ಲಿ. ಇಂದಿಗೂ ಅವರು ಕರೆದರೆ ನಾವು ಹೋಗಬಹುದು, ನಾವಾಗಿ ಕರೆಯುವಂತಿಲ್ಲ. ಬೀಗರ ಮನೆಯಲ್ಲೂ ಇಷ್ಟು ಬಿಗುಮಾನ ಕಂಡಿಲ್ಲ.

‘ವಾಟ್ಸಾಪ್‌ನಲ್ಲೇ ಮಾಡವ್ವ’ ಎಂದರೆ, ‘ಬೇಡ ಕಾಕಾ, ಇದರಲ್ಲಿ ಬಣ್ಣ ಸರಿಯಾಗಿ ಕಾಣುತ್ತದೆ’ ಎಂದಳು. ಬಣ್ಣ ಏಕೆಂದರೆ, ಅವಳ ಮದುವೆಗೆ ಸೀರೆ ಆರಿಸಲು ನಾವು ಇಳಕಲ್ಲಿನ ಅಂಗಡಿಯೊಂದರ ಗಾದಿಯ ಮೇಲೆ ಕುಳಿತಿದ್ದೆವು. ಬೇಕಾದದ್ದು ಗಿರಿಕುಂಕುಮ. ಹೆಂಡತಿ ಸೆರಗು ಬಿಚ್ಚಿ ಹಿಡಿದಳು. ನಮ್ಮ ಕಣ್ಣಿಗೆ ಅಪ್ಪಟ ಕುಂಕುಮ. ‘ಇಟ್ಟಂಗಿ ಬಣ್ಣ, ಬೇಡ’ ಎಂದಿತು ಟೊರಾಂಟೊ. ಹುಬ್ಬಳ್ಳಿಯಿಂದ ಟ್ಯಾಬ್‌ನಲ್ಲಿ ಸೇರಿಕೊಂಡಿದ್ದ ಅತ್ತಿಗೆಗೆ ಅದು ಗುಲಾಬಿ. ಟ್ಯೂಬ್‌ಲೈಟಿನಡಿ ಕ್ಯಾಮೆರಾ ತನಗೆ ತಿಳಿದಂತೆ ಬಣ್ಣ ತಿದ್ದುತ್ತದೆ, ಒಂದೊಂದು ಪರದೆ ಮತ್ತೆ ತನ್ನ ಪಾಲಿನದನ್ನು ಸೇರಿಸುತ್ತದೆ. ಅಂಗಡಿಯವರು ಬಿಸಿಲಿಗೆ ಒಯ್ಯಲು ಹೇಳಿದರು. ರಸ್ತೆಗೆ ಬಂದು ಹಿಡಿದರೆ ಹಿಂದಿನಿಂದ ಟಂಟಂ ಒಂದು ಹಾರ್ನ್ ಬಾರಿಸಿತು. ಸೆರಗಿನ ತುದಿ ನೆಲ ಮುಟ್ಟಿತು. ಹೆಂಡತಿ ನನ್ನನ್ನು ನೋಡಿದ ನೋಟ ಎಲ್ಲ ಪರದೆಗಳಲ್ಲೂ ಒಂದೇ ಬಣ್ಣದಲ್ಲಿ ಕಂಡಿರಬೇಕು.

ಧೂಳು ಕೊಡವುತ್ತ ಅಂಗಡಿಯವರು ಸಮಾಧಾನದಿಂದ ವಿವರಿಸಿದರು: ಒಡಲು ಹತ್ತಿ, ಸೆರಗು ರೇಷ್ಮೆ, ಎರಡರ ಹಾಸಿನೆಳೆಗಳನ್ನೂ, ಅಂದರೆ ಉದ್ದಕ್ಕೆ ಹಾಯುವ ನೂಲುಗಳನ್ನೂ, ಕೊಂಡಿ ಹಾಕಿ ಕೂಡಿಸುತ್ತಾರೆ, ಅದಕ್ಕೇ ಒಂದೊಂದು ಸೀರೆಗೂ ಹಾಸು ಬೇರೆ. ಬೆರಳಿನಿಂದ ಆ ಜಾಗ ಸವರಿ ತೋರಿಸಿದರು. ನೇಕಾರರಿಗೆ ಸಾಧಿಸಿದ್ದು ಫೋನು ಮಾಡುವವರಿಗೆ ಯಾಕೆ ಬೇಡವಾಯಿತೋ! ಗಿರಾಕಿ ಬೇರೆ ಕಡೆ ಹೋದಾನೆಂಬ ಹೊಟ್ಟೆಕಿಚ್ಚು, ಇನ್ನೇನು.

ಅಷ್ಟರಲ್ಲಿ ಮನೆಯಿಂದ ಅವ್ವನ ಕರೆ ಬಂತು. ಟೊರಾಂಟೊ, ಹುಬ್ಬಳ್ಳಿ ಎರಡೂ ಪರದೆಯ ಮೇಲೆ ಬಾಯಿ ತೆರೆದಂತೆಯೇ ನಿಂತವು. ಅವ್ವನದು ಬಟನ್ ಫೋನ್. ಅತ್ತ ಇರುವುದು ಯಾವ ಕಂಪನಿಯ ಫೋನೆಂದು ಅದು ಯಾರನ್ನೂ ಕೇಳಿದ್ದಿಲ್ಲ. ‘ಆಯಿತೇನೋ?’ ಎಂದಳು. ‘ಬಣ್ಣ ಗೊತ್ತಾಗುತ್ತಿಲ್ಲ’ ಎಂದೆ. ‘ನಿನಗೆ ಎಂದು ಗೊತ್ತಾಗಿದೆ?’ ಎಂದು ಇಟ್ಟುಬಿಟ್ಟಳು.

ಮತ್ತೆ ಲಿಂಕ್, ಮತ್ತೆ ಹೆಸರು, ಮತ್ತೆ ಹೊಸ್ತಿಲು. ‘ಕಾಕಾ, ನೀವೂ ಒಂದು ಐಫೋನ್ ತೆಗೆದುಕೊಂಡುಬಿಡಿ’ ಎಂದಳು ಮಗಳು. ಆ ದುಡ್ಡಿಗೆ ಎಷ್ಟು ಸೀರೆ ಬರುತ್ತವೆ ಎಂದು ಹೆಂಡತಿ ಅಂಗಡಿಯವರನ್ನು ಕೇಳಿಯೇಬಿಟ್ಟಳು. ಅವರು ಖುಷಿಯಿಂದ ಇನ್ನೊಂದು ಗಂಟು ಬಿಚ್ಚಿದರು.